ಹಣೆಗೊಪ್ಪಿದ ಹೆಲ್ಮೆಟ್

ಕಾರವಾರದಿಂದ ಶಿರಸಿಗೆ ಹೊರಟ ಆ ಭಾನುವಾರ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಹೊಸ ಹೆಲ್ಮೆಟ್ ಒಂದಿತ್ತು. ಕಪ್ಪು ಮೈ, ಕೆಂಪು ಗೆರೆ, ಬದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ‘ರೇಸಿಂಗ್’ ಎಂಬ ಬರಹ. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳೆಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಹವ್ಯಾಸಿಗಳು ತಮ್ಮ ಸ್ವಂತ ಕಾರು ಓಡಿಸುವ ದಿನವೊಂದಕ್ಕೆ ಹೆಸರು ಕೊಟ್ಟಿದ್ದೆ. 2.1 ಕಿಲೋಮೀಟರ್ ಉದ್ದದ ಆ ಸುತ್ತಿನಲ್ಲಿ ಒಮ್ಮೆಯಾದರೂ ನನ್ನ ಕಾರು ಓಡಬೇಕೆಂಬುದು ಕಾಲೇಜು ದಿನಗಳ ಆಸೆ. ಹೆಲ್ಮೆಟ್ ಮಾರಿದ ಅಂಗಡಿಯವರನ್ನು ನಾನು ಸ್ಪಷ್ಟವಾಗಿಯೇ ಕೇಳಿದ್ದೆ, ಕಾರಿನ ರೇಸಿಗೆ ಇದು ನಡೆಯುತ್ತದೆಯೇ ಎಂದು. ಅನುಮಾನವೇ ಬೇಡ, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದಿದ್ದರು.

ಆದರೂ ಒಳಗೊಂದು ಅಳುಕು. ಶಿರಸಿಯ ಸಮೀಪದ ಹಳ್ಳಿಯಲ್ಲಿ, ಹಿಂದೆ ಹಲವು ವರ್ಷ ರ‍್ಯಾಲಿಗಳಲ್ಲಿ ಕಾರು ಓಡಿಸಿದ ಹಿರಿಯರೊಬ್ಬರಿದ್ದಾರೆ. ಅಕ್ಕನ ಮನೆಯಿಂದ ಎರಡು ತೋಟದಾಚೆಗೆ ಅವರ ಮನೆ. ಒಮ್ಮೆ ಅವರಿಗೆ ತೋರಿಸಿಬಿಡೋಣ ಎಂದು ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿದೆ. ಅಕ್ಕನ ಮನೆಯಲ್ಲಿ ಕಷಾಯ ಕುಡಿದು ಹೊರಟಾಗ ಭಾವನೂ ಜೊತೆಯಾದ. ಭಾವ ತೋಟದ ಕೆಲಸ ಮುಗಿಸಿ ರಾತ್ರಿ ಬಣ್ಣ ಹಚ್ಚುವ ಹವ್ಯಾಸಿ ಯಕ್ಷಗಾನ ಕಲಾವಿದ. ಕಾರಿನ ಬಗ್ಗೆ ಅವನಿಗೆ ಆಸಕ್ತಿ ಕಡಿಮೆ. ಆದರೆ ಆ ದಿನ ನನ್ನ ಹೆಲ್ಮೆಟ್ಟನ್ನು ನಿಜವಾಗಿ ಆರಿಸಿದವನು ಅವನೇ.

ಹಿರಿಯರು ನನ್ನ ಹೆಲ್ಮೆಟ್ಟನ್ನು ತಲೆಕೆಳಗು ಮಾಡಿ ಹಿಂಬದಿಯ ಐಎಸ್‌ಐ ಗುರುತನ್ನು ನೋಡಿದರು. ಐಎಸ್ 4151 ಎಂದಿತ್ತು.

‘ಇದು ಕೆಟ್ಟ ಹೆಲ್ಮೆಟ್ ಅಲ್ಲ. ಬೈಕಿಗೆ ಧಾರಾಳವಾಗಿ ಹಾಕಿಕೊಳ್ಳಿ. 2021ರ ಜೂನ್‌ನಿಂದ ನಮ್ಮ ದೇಶದಲ್ಲಿ ದ್ವಿಚಕ್ರ ವಾಹನದ ಹೆಲ್ಮೆಟ್‌ಗೆ ಈ ಗುರುತು ಇರಲೇಬೇಕು. ಆದರೆ ಕಾರಿನ ಒಳಗೆ ನಿಮ್ಮ ತಲೆಗೆ ಬಡಿಯುವುದು ಡಾಂಬರು ರಸ್ತೆಯಲ್ಲ’ ಎಂದರು.

ಒಳಗೆ ಹೋಗಿ ಗೋಣಿಚೀಲವೊಂದನ್ನು ತಂದರು. ಅದರಲ್ಲಿ ಗರಗಸದಿಂದ ಎರಡು ಹೋಳು ಮಾಡಿದ ಹೆಲ್ಮೆಟ್ ಇತ್ತು, ಹಲಸಿನ ಹಣ್ಣು ಸೀಳಿದಂತೆ. ಹೊರಗಿನ ಗಟ್ಟಿ ಚಿಪ್ಪು, ಅದರ ಒಳಗೆ ಎರಡು ಬೆರಳು ದಪ್ಪದ ಥರ್ಮೋಕೋಲ್ ಪದರ, ಅದರೊಳಗೆ ಬಟ್ಟೆಯ ಮೆತ್ತೆ. ಅವರ ಕಾರು ಮಣ್ಣಿನ ದಾರಿಯಲ್ಲಿ ಮಗುಚಿದಾಗ ಹಾಕಿಕೊಂಡಿದ್ದ ಹೆಲ್ಮೆಟ್ ಅದು. ಬಲಬದಿಯಲ್ಲಿ ಥರ್ಮೋಕೋಲ್ ಅರ್ಧದಷ್ಟು ತೆಳುವಾಗಿ ಕುಗ್ಗಿತ್ತು. ಅದೇ ಜಾಗದ ಚಿಪ್ಪನ್ನು ಹೊರಗಿನಿಂದ ಬೆರಳಾಡಿಸಿ ನೋಡಿದೆ. ಸಣ್ಣ ಗೀರು, ಅಷ್ಟೇ. ಆ ಪದರ ಕುಗ್ಗುತ್ತಾ ಪೆಟ್ಟನ್ನು ನುಂಗುತ್ತದೆ, ಒಮ್ಮೆ ಕುಗ್ಗಿದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಹಳೆಯ ಹೆಲ್ಮೆಟ್ ಕೊಳ್ಳಬಾರದು, ಇನ್ನೊಬ್ಬರದನ್ನು ಎರವಲು ಪಡೆಯಬಾರದು ಎಂದು ಎಷ್ಟೋ ಸಲ ಕೇಳಿದ್ದೆ. ಕಾರಣವನ್ನು ಕಣ್ಣಾರೆ ಕಂಡದ್ದು ಆ ದಿನ.

ಕಾರು ಮಗುಚಿದಾಗ ಅವರ ತಲೆ, ಚಾವಣಿ ಕುಸಿಯದಂತೆ ಒಳಗೆ ಕೂರಿಸಿದ್ದ ಉಕ್ಕಿನ ಕೊಳವೆಗಳ ಪಂಜರಕ್ಕೆ ಮೂರು ಸಲ ಬಡಿದಿತ್ತಂತೆ. ಕಾರಿನ ಹೆಲ್ಮೆಟ್ ಬೇರೆಯೇ ಆಗಿರುವುದಕ್ಕೆ ಇದೇ ಮೊದಲ ಕಾರಣ. ಅಮೆರಿಕದಲ್ಲಿ ವಿಲಿಯಂ ಸ್ನೆಲ್ ಎಂಬ ಹವ್ಯಾಸಿ ಚಾಲಕ 1956ರಲ್ಲಿ ರೇಸಿನಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನ ತಲೆಯ ಮೇಲಿದ್ದ ಹೆಲ್ಮೆಟ್ ಅವನನ್ನು ಉಳಿಸಲಿಲ್ಲ. ಮರುವರ್ಷ ಅವನ ಹೆಸರಿನಲ್ಲಿ ಸ್ಥಾಪನೆಯಾದ ಪ್ರತಿಷ್ಠಾನವೇ ಇಂದಿಗೂ ಹೆಲ್ಮೆಟ್‌ಗಳನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತದೆ. ಆತ ನನ್ನಂತೆಯೇ ಹವ್ಯಾಸಿ ಎಂಬ ಮಾತು ನನ್ನೊಳಗೆ ತುಸು ಹೊತ್ತು ನಿಂತುಬಿಟ್ಟಿತು. ಸ್ನೆಲ್ ಮುದ್ರೆಯಲ್ಲಿ ಎಂ ಅಕ್ಷರ ಬೈಕಿಗೆ, ಕೆ ಅಕ್ಷರ ಗೋ-ಕಾರ್ಟಿಗೆ, ಎಸ್‌ಎ ಕಾರಿಗೆ. ಎಸ್‌ಎ ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಪಂಜರದ ಕೊಳವೆಯಂಥದೇ ಉಕ್ಕಿನ ಅಚ್ಚಿನ ಮೇಲೆ ಒಂದಕ್ಕಿಂತ ಹೆಚ್ಚು ಸಲ ಬೀಳಿಸುತ್ತಾರೆ. ಬೆಂಕಿಯನ್ನೂ ಹಿಡಿಯುತ್ತಾರೆ. ಜ್ವಾಲೆ ತೆಗೆದ ಮೇಲೆ ಅದು ನಿಗದಿತ ಸಮಯದೊಳಗೆ ತಾನಾಗಿ ಆರಬೇಕು. ಬೈಕ್ ಸವಾರ ಬಿದ್ದರೆ ಬೈಕಿನಿಂದ ದೂರ ಹೋಗುತ್ತಾನೆ, ಕಾರಿನವನು ಪೆಟ್ರೋಲಿನ ಜೊತೆಗೆ ಒಳಗೇ ಉಳಿಯುತ್ತಾನೆ. ಬೈಕಿನ ಹೆಲ್ಮೆಟ್‌ಗೆ ಈ ಬೆಂಕಿಯ ಪರೀಕ್ಷೆ ಇಲ್ಲ.

ಆ ಅಂಗಡಿಯವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂತು. ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ಬದಿಯಲ್ಲಿ ಅಂಟಿಸಿದ ‘ರೇಸಿಂಗ್’ ಎಂಬ ಹೆಸರಿಗೆ ಯಾವ ಪರೀಕ್ಷೆಯ ಬೆಂಬಲವೂ ಇರಲಿಲ್ಲ. ಸ್ನೆಲ್ ಮುದ್ರೆ ಹೊರಗೆ ಮೆರೆಯುವ ಸ್ಟಿಕರ್ ಅಲ್ಲ. ಒಳಗಿನ ಮೆತ್ತೆಯನ್ನು ಎತ್ತಿದರೆ ಅಡಿಯಲ್ಲಿ ಎಸ್‌ಎ2015, ಎಸ್‌ಎ2020 ಎಂಬ ಚೀಟಿ ಕಾಣಬೇಕು. ಐದು ವರ್ಷಕ್ಕೊಮ್ಮೆ ಮಾನದಂಡ ಹೊಸದಾಗುತ್ತದೆ, ಆಯೋಜಕರು ಹಳೆಯದನ್ನು ಒಪ್ಪುತ್ತಾರೆಯೇ ಎಂಬುದನ್ನು ಅವರ ನಿಯಮಪುಸ್ತಕದಲ್ಲಿಯೇ ನೋಡಿಕೊಳ್ಳಬೇಕು.

ಹಿರಿಯರ ಕಪಾಟಿನಲ್ಲಿ ಬೇರೆ ಬೇರೆ ಕಂಪನಿಗಳ ನಾಲ್ಕು ಎಸ್‌ಎ ಹೆಲ್ಮೆಟ್‌ಗಳಿದ್ದವು. ‘ಅಳತೆಗೆ ಮಾತ್ರ. ಒಯ್ಯಲು ಕೊಡಲಾರೆ’ ಎಂದು ಮೊದಲೇ ಹೇಳಿದರು. ಟೇಪು ಹಿಡಿದು ಹುಬ್ಬಿನ ಮೇಲಿನಿಂದ ತಲೆಯ ಹಿಂದಿನ ಉಬ್ಬಿನವರೆಗೆ ಸುತ್ತಿ ಅಳೆದರು, 58 ಸೆಂಟಿಮೀಟರ್. ಒಂದು ಕಂಪನಿಯ ಲೆಕ್ಕದಲ್ಲಿ ನಾನು ಮಧ್ಯಮ, ಇನ್ನೊಂದರಲ್ಲಿ ದೊಡ್ಡದು. ಮೊದಲನೆಯದನ್ನು ಹಾಕಿಕೊಂಡೆ. ಮೆತ್ತಗೆ, ಹಾಯಾಗಿ ಕೂತಿತು. ಇದೇ ಇರಲಿ ಎಂದೆ.

ಅಷ್ಟು ಹೊತ್ತು ಸುಮ್ಮನಿದ್ದ ಭಾವ ಎದ್ದು ಬಂದು ಎರಡೂ ಕೈಗಳಿಂದ ಹೆಲ್ಮೆಟ್ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದ. ಹೆಲ್ಮೆಟ್ ತಿರುಗಿತು, ನನ್ನ ಕೆನ್ನೆ ಇದ್ದಲ್ಲೇ ಇತ್ತು.

‘ಬಣ್ಣ ಹಚ್ಚುವ ಚೌಕಿಯಲ್ಲಿ ಹಾಯಾಗಿರುವ ಮುಂಡಾಸು ರಂಗದಲ್ಲಿ ಮಂಡಿ ಹಾಕಿ ಕುಣಿಯುವಾಗ ಕಣ್ಣಿನ ಮೇಲೆ ಬರುತ್ತದೆ ಮಾರಾಯ’ ಎಂದ. ‘ಚರ್ಮ ಜೊತೆಗೇ ಎಳೆಯಬೇಕು.’

ಹಿರಿಯರು ಹೌದೆಂದು ತಲೆಯಾಡಿಸಿದರು. ಹೆಲ್ಮೆಟ್ ಕೆನ್ನೆಯನ್ನು ಒತ್ತಬೇಕು, ಮಾತನಾಡಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ತಾಗುವಷ್ಟು. ಹೊಸತರ ಮೆತ್ತೆ ಬಳಸಿದಂತೆ ಸ್ವಲ್ಪ ಸಡಿಲಾಗುತ್ತದೆ. ಗದ್ದದ ಪಟ್ಟಿ ಬಿಗಿದ ಮೇಲೆ ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಉರುಳಿಸಿದರೆ ತಲೆಯಿಂದ ಕಳಚಬಾರದು.

ಎರಡನೆಯದು ಬಿಗಿಯಾಗಿಯೇ ಇತ್ತು, ತಿರುಗಲಿಲ್ಲ, ಕಳಚಲಿಲ್ಲ. ನನಗೆ ಒಪ್ಪಿಗೆಯಾಯಿತು. ಭಾವ ಮಾತ್ರ ಗೋಡೆಯ ಗಡಿಯಾರ ನೋಡಿ, ಅರ್ಧ ಗಂಟೆ ತೆಗೆಯಬೇಡ ಎಂದ. ಮೂವರೂ ಜಗಲಿಯಲ್ಲಿ ಕುಳಿತೆವು. ಮೊದಲ ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಹಣೆಯ ನಡುವೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಯಾರೋ ಹೆಬ್ಬೆರಳಿಟ್ಟು ಒತ್ತುತ್ತಿರುವಂತೆ ಅನ್ನಿಸತೊಡಗಿತು. ಇಪ್ಪತ್ತನೇ ನಿಮಿಷಕ್ಕೆ ಆ ಒತ್ತು ನೋವಾಗಿ, ಭಾವ ಏನು ಹೇಳುತ್ತಿದ್ದಾನೆಂದು ಕೇಳಿಸಿಕೊಳ್ಳುವುದೂ ಕಷ್ಟವಾಯಿತು. ತೆಗೆದಾಗ ಹಣೆಯ ಮೇಲೆ ಕೆಂಪು ಗುರುತು. ಎಲ್ಲ ಕಡೆಯೂ ಸಮವಾಗಿ ಒತ್ತಿದರೆ ಅದು ಬಿಗಿ, ಒಂದೇ ಕಡೆ ಒತ್ತಿದರೆ ಅದು ಆಕಾರದ ತಪ್ಪು. ನನ್ನ ತಲೆ ಮುಂದಿನಿಂದ ಹಿಂದಕ್ಕೆ ಉದ್ದ, ಆ ಹೆಲ್ಮೆಟ್ಟಿನ ಒಳಗು ಗುಂಡಗೆ. ಟೇಪಿನ 58 ಎಂಬ ಅಂಕಿ ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ. ಒಮ್ಮೆ ಹೀಗೆ ಕಟ್ಟಿದ ಮುಂಡಾಸಿನಲ್ಲಿ ಬೆಳಗಿನವರೆಗೆ ಕುಣಿದು ಪದ್ಯದ ಸಾಲೇ ಮರೆತುಹೋದದ್ದನ್ನು ಭಾವ ಆಗ ಹೇಳಿದ. ನೂರು ಕಿಲೋಮೀಟರ್ ವೇಗದಲ್ಲಿ ತಿರುವಿಗೆ ಬರುವ ಹೊತ್ತಿಗೆ ಮನಸ್ಸು ಹಣೆಯ ಮೇಲಿದ್ದರೆ ಏನಾದೀತು ಎಂದು ನಾನು ಯೋಚಿಸುತ್ತಿದ್ದೆ.

ನಾಲ್ಕನೆಯದು ನನ್ನದು. ಅರ್ಧ ಗಂಟೆಯ ಮೇಲೂ ಹತ್ತು ನಿಮಿಷ ಕೂತೆ. ಕನ್ನಡಕದ ಕಡ್ಡಿಗಳು ಕಿವಿಯ ಮೇಲಿನ ಮೆತ್ತೆಯ ಸಂದಿಯಲ್ಲಿ ನೆಟ್ಟಗೆ ಜಾರಿದವು. ಕನ್ನಡಕ ಹಾಕುವವರಿಗೆ ಇದು ಸಣ್ಣ ಸಂಗತಿಯಲ್ಲ. ಫೈಬರ್‌ಗ್ಲಾಸ್ ಚಿಪ್ಪು, ಬಿಳಿ ಬಣ್ಣ, ಯಾವ ಚಿತ್ತಾರವೂ ಇಲ್ಲ. ಹಾಗೆಯೇ ಹಾಕಿಕೊಂಡು ಅಂಗಳಕ್ಕೆ ಹೋಗಿ ನನ್ನ ಕಾರಿನಲ್ಲಿ ಕುಳಿತೆ. ತಲೆ ಚಾವಣಿಗೆ ತಾಗಿತು! ಸೀಟನ್ನು ಪೂರ್ತಿ ಕೆಳಗಿಳಿಸಿ, ಬೆನ್ನನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿದ ಮೇಲೆ ನಾಲ್ಕು ಬೆರಳು ಜಾಗ ಸಿಕ್ಕಿತು.

ಹೆಲ್ಮೆಟ್ಟಿನ ಎರಡೂ ಬದಿಯಲ್ಲಿದ್ದ ತಿರುಪಿನ ರಂಧ್ರಗಳನ್ನು ಹಿರಿಯರು ತೋರಿಸಿದರು. ಭುಜದ ಮೇಲೆ ಕೂರುವ ಹ್ಯಾನ್ಸ್ ಎಂಬ ಕುತ್ತಿಗೆಯ ರಕ್ಷೆಯನ್ನು ಅಲ್ಲಿಗೆ ಜೋಡಿಸುತ್ತಾರೆ. ಕಾರು ಮುಂದಿನಿಂದ ಬಡಿದಾಗ ಮೈಯನ್ನು ಬೆಲ್ಟ್ ಹಿಡಿಯುತ್ತದೆ, ತಲೆ ಮಾತ್ರ ಹೆಲ್ಮೆಟ್ಟಿನ ಭಾರದೊಂದಿಗೆ ಮುಂದಕ್ಕೆ ಚಿಮ್ಮುತ್ತದೆ, ತಲೆಬುರುಡೆಯ ಬುಡ ಮುರಿಯುವುದು ಹಾಗೆ. ಮಾಮೂಲಿ ಕಾರಿನ ಮೂರು ಬಿಂದುವಿನ ಬೆಲ್ಟಿಗೆ ಆ ಸಾಧನ ಹೊಂದುವುದಿಲ್ಲ, ಅದಕ್ಕೆ ಎರಡೂ ಭುಜದ ಮೇಲೆ ಬರುವ ರೇಸಿನ ಬೆಲ್ಟ್ ಬೇಕು. ಮುಂದೊಂದು ದಿನಕ್ಕೆ ಇರಲಿ ಎಂದರು. 1980ರ ದಶಕದಲ್ಲಿ ಅದನ್ನು ರೂಪಿಸಿದವರು ರಾಬರ್ಟ್ ಹಬ್ಬರ್ಡ್ ಎಂಬ ಪ್ರಾಧ್ಯಾಪಕ ಮತ್ತು ಜಿಮ್ ಡೌನಿಂಗ್ ಎಂಬ ಚಾಲಕ. ಅವರಿಬ್ಬರೂ ಭಾವ ಮೈದುನರು ಎಂದು ತಿಳಿದಾಗ ನಮ್ಮ ಭಾವನ ಮುಖ ಅರಳಿತು.

ಅದೇ ಕಂಪನಿಯ ಅದೇ ಅಳತೆಯ ಎಸ್‌ಎ2020 ಹೆಲ್ಮೆಟ್ ತರಿಸಲು ನಾಲ್ಕು ತಿಂಗಳ ಉಳಿತಾಯ ಹೋಯಿತು. ಬೇಸರವಿಲ್ಲ. ಕಾರವಾರದ ಕಡಲ ಗಾಳಿಗೆ ಒಳಮೆತ್ತೆ ಮುಗ್ಗುಲು ಹಿಡಿಯದಂತೆ ಪ್ರತಿ ವಾರ ನೆರಳಿನಲ್ಲಿ ಆರಿಸಿಡುತ್ತೇನೆ. ಕಪ್ಪು ಹೆಲ್ಮೆಟ್ ಸ್ಕೂಟರಿಗಾಯಿತು.

ಚೆಟ್ಟಿಪಾಳೆಯದಲ್ಲಿ ಪರಿಶೀಲನೆಯ ಮೇಜಿನ ಹಿಂದೆ ಕುಳಿತವರು ಒಳಮೆತ್ತೆಯನ್ನು ಎತ್ತಿ ಚೀಟಿ ಓದಿದರು, ಪಟ್ಟಿಯನ್ನು ಜಗ್ಗಿದರು, ಗದ್ದದ ಬಳಿ ಪುಟ್ಟ ಹಸಿರು ಕಾಗದ ಅಂಟಿಸಿ ಕಳಿಸಿದರು. ಮಧ್ಯಾಹ್ನದವರೆಗೆ ಮೂರು ಸರದಿ ಓಡಿಸಿದೆ. ಇಳಿದು ಬಂದು ಬೆವರು ಒರೆಸಿಕೊಳ್ಳುವಾಗ ಭಾವನ ಫೋನ್ ಬಂತು. ಎಷ್ಟು ವೇಗ, ಎಷ್ಟು ಸಮಯ ಎಂದೇನೂ ಅವನು ಕೇಳಲಿಲ್ಲ.

‘ಹಣೆ ನೋಯಿತೇ?’ ಎಂದ.

‘ಇಲ್ಲ ಭಾವ’ ಎಂದೆ.