ಫಾಸ್ಟ್ ಮ್ಯಾಥ್ ಅಂದರೆ ಏನಪ್ಪಾ ಅಂದರೆ, ಫಾಸ್ಟ್ ಮ್ಯಾಥ್

ಹೋದ ತಿಂಗಳು ಒಂದು ಬಗ್ ಹಿಂದೆ ಎರಡು ದಿನ ಅಲೆದೆ. ಮಣ್ಣಿನ ತೇವ ಅಳೆಯುವ ಸೆನ್ಸರ್‌ಗಳ ಲೆಕ್ಕ ಕೂಡಿಸಿ ಸರಾಸರಿ ತೆಗೆಯುವ ಪುಟ್ಟ ಪ್ರೋಗ್ರಾಂ ಅದು, ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ. ಯಾವುದಾದರೂ ಸೆನ್ಸರ್ ಉತ್ತರ ಕೊಡದಿದ್ದರೆ ಆ ಜಾಗದಲ್ಲಿ ‘ನ್ಯಾನ್’ ಇಡುತ್ತೇವೆ, ಅಂದರೆ ಇಲ್ಲಿ ಸಂಖ್ಯೆಯೇ ಇಲ್ಲ ಅಂತ. ಕೂಡುವಾಗ ಅದನ್ನು ಬಿಟ್ಟು ಮುಂದೆ ಹೋಗುತ್ತೇವೆ, ಸೇರಿಸಿದರೆ ಮೊತ್ತವೂ ನ್ಯಾನ್ ಆಗಿಬಿಡುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ ಇತ್ತು. ಸರ್ವರ್‌ಗೆ ಹಾಕಿದ ಕೂಡಲೇ ಸರಾಸರಿಯೇ ನ್ಯಾನ್, ಗ್ರಾಫ್ ಪೂರ್ತಿ ಖಾಲಿ.

ಕೋಡನ್ನು ಸಾಲು ಸಾಲಾಗಿ ಓದಿದೆ, ತಪ್ಪು ಸಿಗಲಿಲ್ಲ. ಕೊನೆಗೆ ಸುಮ್ನೆ ಸರ್ವರ್‌ನ ಬಿಲ್ಡ್ ಸ್ಕ್ರಿಪ್ಟ್ (ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಆದೇಶಗಳ ಫೈಲ್) ತೆಗೆದು ನೋಡಿದರೆ, ಅಲ್ಲಿ ಯಾರೋ ‘ಎನೇಬಲ್ ಫಾಸ್ಟ್ ಮ್ಯಾಥ್’ ಎಂಬ ಆಪ್ಶನ್ ಆನ್ ಮಾಡಿದ್ದರು. ಅವರನ್ನು ಬೈಯುವ ಹಾಗೂ ಇಲ್ಲ. ಹೆಸರಲ್ಲೇ ಫಾಸ್ಟ್ ಅಂತ ಇದೆ, ಯಾರಿಗೆ ಬೇಡ? ಪ್ರೋಗ್ರಾಂ ಹೇಗೆ ಕಟ್ಟಬೇಕು, ಯಾವ ಆಪ್ಶನ್‌ಗಳಿವೆ ಎಂದು ಹೇಳುವ ನಮ್ಮ ಸಿಮೇಕ್ ಫೈಲ್‌ನಲ್ಲಿ ಅದಕ್ಕಿದ್ದ ವಿವರ ಒಂದೇ ಸಾಲು: ‘ಫಾಸ್ಟ್ ಮ್ಯಾಥ್ ಎನೇಬಲ್ ಮಾಡುತ್ತದೆ’. ಮಾತ್ರೆ ಚೀಟಿಯ ಮೇಲೆ ‘ಇದು ಮಾತ್ರೆ’ ಎಂದು ಬರೆದ ಹಾಗೆ.

ಆ ಆಪ್ಶನ್ ನಿಜವಾಗಿ ಮಾಡುವುದು ಇಷ್ಟು: ಕೋಡನ್ನು ಮೆಷಿನ್ ಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರ್‌ಗೆ ಫಾಸ್ಟ್ ಮ್ಯಾಥ್ ಫ್ಲ್ಯಾಗ್, ಅಂದರೆ ಒಂದು ಸೂಚನೆ, ಕೊಡುತ್ತದೆ. ಆ ಫ್ಲ್ಯಾಗ್ ಕೊಟ್ಟರೆ, ಈ ಪ್ರೋಗ್ರಾಂನಲ್ಲಿ ನ್ಯಾನ್ ಆಗಲಿ ಇನ್ಫಿನಿಟಿ ಆಗಲಿ ಬರುವುದೇ ಇಲ್ಲ ಎಂದು ನಾವು ಕಂಪೈಲರ್‌ಗೆ ಮಾತು ಕೊಟ್ಟ ಹಾಗೆ. ಅದು ನಮ್ಮ ಮಾತು ನಂಬುತ್ತದೆ, ಪಾಪ. ‘ಇದು ನ್ಯಾನ್ ಹೌದಾ?’ ಎಂದು ಕೋಡ್‌ನಲ್ಲಿ ಕೇಳಿದ ಕಡೆಯಲ್ಲೆಲ್ಲ ‘ಅಲ್ಲ’ ಎಂದೇ ಹಿಡಿದು ಆ ಪರೀಕ್ಷೆಯನ್ನೇ ಕಿತ್ತುಹಾಕಬಹುದು. ನಮ್ಮಲ್ಲಿ ಆದದ್ದೂ ಅದೇ. ಜಿಸಿಸಿ ಮ್ಯಾನ್ಯುಯಲ್‌ನಲ್ಲಿ ಇದು ಸ್ಪಷ್ಟವಾಗಿ ಇದೆ, ನಮ್ಮ ಒಂದು ಸಾಲಿನಲ್ಲಿ ಇರಲಿಲ್ಲ.

ಸಿಟ್ಟು ಆರುವ ಮೊದಲೇ ವಿವರ ತಿದ್ದಲು ಕೂತೆ. ಮೊದಲ ಸಲ ಬರೆದದ್ದು: ‘ವೇಗ ಹೆಚ್ಚುತ್ತದೆ, ಲೆಕ್ಕದ ನಿಖರತೆ ಕಡಿಮೆಯಾಗಬಹುದು.’ ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ. ಓದಿದವರು ‘ಐದನೇ ದಶಮಾಂಶದಲ್ಲಿ ಏನೋ ಹೆಚ್ಚುಕಮ್ಮಿ ಆಗುತ್ತೆ, ಹೋಗಲಿ ಬಿಡು’ ಅಂದುಕೊಳ್ಳುತ್ತಾರೆ. ಎರಡನೇ ಸಲ ನ್ಯಾನ್ ವಿಷಯ ಸೇರಿಸಿ, ತಂಡಕ್ಕೆ ಹೊಸದಾಗಿ ಬಂದಿದ್ದ ಹುಡುಗಿಗೆ ತೋರಿಸಿ, ‘ನೀನಾದರೆ ಇದನ್ನು ಆನ್ ಮಾಡ್ತೀಯಾ?’ ಎಂದು ಕೇಳಿದೆ. ಅವಳು, ‘ನಮ್ಮ ಕೋಡ್‌ನಲ್ಲಿ ನ್ಯಾನ್ ಎಲ್ಲಿ ಬರುತ್ತೆ?’ ಅಂದಳು. ಹೌದಲ್ವಾ! ನನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ. ಕೊನೆಗೆ ಹೀಗಾಯಿತು: ‘ಡೀಫಾಲ್ಟ್ ಆಫ್. ಆನ್ ಮಾಡಿದರೆ ನ್ಯಾನ್ ಪರೀಕ್ಷೆಗಳು ಕೆಲಸ ಮಾಡುವುದಿಲ್ಲ. ಸೆನ್ಸರ್ ಉತ್ತರ ಕೊಡದಿದ್ದಾಗ ನಾವು ನ್ಯಾನ್ ಇಡುವುದರಿಂದ, ಒಂದು ಸೆನ್ಸರ್ ಕೆಟ್ಟರೂ ಸರಾಸರಿ ಹಾಳಾಗುತ್ತದೆ. ಯಾವ ಸೆನ್ಸರೂ ತಪ್ಪುವುದಿಲ್ಲ ಎಂದು ಖಚಿತ ಇದ್ದರೆ ಮಾತ್ರ ಆನ್ ಮಾಡಿ.’

ಒಂದನ್ನು ತಿದ್ದಿದ ಮೇಲೆ ಉಳಿದವೂ ಕಣ್ಣಿಗೆ ಚುಚ್ಚತೊಡಗಿದವು. ಪ್ರಾಜೆಕ್ಟ್ ಜೊತೆ ಇಡುವ ಪರಿಚಯದ ಫೈಲ್ ರೀಡ್‌ಮೀಯಲ್ಲಿ ‘ಡೀಫಾಲ್ಟ್ ಬಿಲ್ಡ್ ಸಾಕು’ ಎಂದಿತ್ತು. ಸಾಕಾಗುವುದಿಲ್ಲ. ಮೇಕ್ ಅಥವಾ ನಿಂಜಾ ಎಂಬ ಬಿಲ್ಡ್ ಸಾಧನಗಳ ಜೊತೆ ಸಿಮೇಕ್ ಬಳಸುವಾಗ ಬಿಲ್ಡ್ ಟೈಪ್ ಹೇಳದಿದ್ದರೆ ಅದು ಖಾಲಿಯೇ ಇರುತ್ತದೆ, ತಪ್ಪು ಹುಡುಕಲು ಬೇಕಾದ ಡೀಬಗ್ಗೂ ಅಲ್ಲ ಬಳಕೆಗೆ ಕೊಡುವ ರಿಲೀಸೂ ಅಲ್ಲ, ಆಪ್ಟಿಮೈಸೇಶನ್ (ವೇಗ ಹೆಚ್ಚಿಸುವ ತಿದ್ದುಪಡಿ) ಇಲ್ಲದ ನಿಧಾನದ ಪ್ರೋಗ್ರಾಂ ಸಿಗುತ್ತದೆ. ಬಹುಶಃ ಅದಕ್ಕೇ ಆ ಪುಣ್ಯಾತ್ಮರು ವೇಗಕ್ಕಾಗಿ ಫಾಸ್ಟ್ ಮ್ಯಾಥ್ ಹುಡುಕಿಕೊಂಡು ಹೋಗಿದ್ದು. ಕಂಪ್ರೆಶನ್ ಆಪ್ಶನ್ ಇನ್ನೊಂದು ತಲೆನೋವು. ಮೆಷಿನ್‌ನಲ್ಲಿ ಝಡ್‌ಲಿಬ್ ಎಂಬ ಕಂಪ್ರೆಶನ್ ಲೈಬ್ರರಿ ಇದ್ದರೆ ತಾನೇ ಆನ್, ಇಲ್ಲದಿದ್ದರೆ ಬಾಯಿ ಬಿಡದೆ ಆಫ್. ಇದಕ್ಕೆ ವಿವರ ಬರೆಯಲು ಹೋಗಿ, ವಿವರವೇ ನಾಚಿಕೆಗೇಡು ಅನ್ನಿಸಿ, ಆಫ್ ಆದಾಗ ಒಂದು ಸಾಲು ಪ್ರಿಂಟ್ ಮಾಡುವ ಹಾಗೆ ಕೋಡನ್ನೇ ಬದಲಾಯಿಸಿದೆ. ಡೀಫಾಲ್ಟ್ ಬದಲಾಯಿಸಿದರೂ ಹಳೆಯ ಬಿಲ್ಡ್ ಫೋಲ್ಡರ್‌ನಲ್ಲಿ ಸಿಮೇಕ್ ಆಪ್ಶನ್‌ಗಳನ್ನು ನೆನಪಿಟ್ಟುಕೊಳ್ಳುವ ಕ್ಯಾಶ್‌ನಲ್ಲಿ ಹಳೇ ಸೆಟ್ಟಿಂಗೇ ಉಳಿಯುತ್ತದೆ ಅನ್ನುವುದನ್ನೂ ರೀಡ್‌ಮೀಗೆ ಹಾಕಿದೆ.

ಈ ವಿಷಯದಲ್ಲಿ ನನಗೆ ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) ಬರೆಯುವವರ ಒಂದು ಅಭ್ಯಾಸ ಬಹಳ ಇಷ್ಟ. ಅಲ್ಲಿ ಸಾವಿರಾರು ಆಪ್ಶನ್‌ಗಳಿವೆ, ಅವುಗಳಲ್ಲಿ ಎಷ್ಟೋ ವಿವರಗಳ ಕೊನೆಗೆ ‘ಗೊತ್ತಾಗದಿದ್ದರೆ ಎನ್ ಎನ್ನಿ’ (ಎನ್ ಅಂದರೆ ‘ನೋ’, ಬೇಡ) ಎಂದಿರುತ್ತದೆ. ಓದುವವರಿಗೆ ಗೊತ್ತಾಗದೇ ಇರಬಹುದು ಎಂದು ಒಪ್ಪಿಕೊಂಡು ಬರೆದ ಸಾಲು ಅದು.

ಕೊನೆಗೆ ಉಳಿದದ್ದು ‘ಯೂಸ್ ನ್ಯೂ ಪಾರ್ಸರ್’ ಎಂಬ ಆಪ್ಶನ್. ಪಾರ್ಸರ್ ಅಂದರೆ ಬಂದ ಡೇಟಾವನ್ನು ಓದಿ ಬಿಡಿಸುವ ಭಾಗ. ಏನು ಬರೆಯಲಿ ಎಂದು ಗ್ರೆಪ್ ಮಾಡಿ ಹುಡುಕಿದರೆ ಕೋಡ್‌ನಲ್ಲಿ ಎಲ್ಲೂ ಅದನ್ನು ಯಾರೂ ಓದುತ್ತಲೇ ಇಲ್ಲ. ಹಳೇ ಪಾರ್ಸರ್ ಯಾವತ್ತೋ ಹೋಗಿದೆ, ಸ್ವಿಚ್ ಮಾತ್ರ ಗೋಡೆಯಲ್ಲಿ ಉಳಿದಿದೆ. ಆ ಸಾಲು ಅಳಿಸಿದೆ. ಮಾರನೇ ದಿನ ಸರ್ವರ್‌ನ ಬಿಲ್ಡ್ ಲಾಗ್‌ನಲ್ಲಿ ಸಿಮೇಕ್ ಹೊಸದೊಂದು ವಾರ್ನಿಂಗ್ ಕೊಟ್ಟಿತ್ತು: ನೀವು ಕೊಟ್ಟ ಈ ‘ಯೂಸ್ ನ್ಯೂ ಪಾರ್ಸರ್’ ವೇರಿಯಬಲ್ಲನ್ನು ಪ್ರಾಜೆಕ್ಟ್ ಬಳಸಿಲ್ಲ. ಅದೇ ಬಿಲ್ಡ್ ಸ್ಕ್ರಿಪ್ಟ್, ಫಾಸ್ಟ್ ಮ್ಯಾಥ್ ಇದ್ದ ಸಾಲಿನ ಕೆಳಗಿನ ಸಾಲು. ಪ್ರತಿ ಬಿಲ್ಡ್‌ನಲ್ಲೂ ಅದನ್ನು ತಪ್ಪದೆ ಆನ್ ಮಾಡುತ್ತಾ ಬಂದಿತ್ತು.