ಕ್ಲಿಯರ್ ಅಂದ್ರೆ ಏನು ಕ್ಲಿಯರ್?

ಹೋದ ಜುಲೈ. ಕೊಡಗಿನ ಸುಂಟಿಕೊಪ್ಪದ ಮಾವನ ಮನೆ. ಮೂರು ದಿನದಿಂದ ಬಿಡದ ಮಳೆ, ಕರೆಂಟ್ ಇಲ್ಲ, ಇನ್ವರ್ಟರ್ ಕೀಂಯ್ ಅನ್ನುತ್ತಿತ್ತು. ನಮ್ಮದೊಂದು ಲಿನಕ್ಸ್ ಕರ್ನಲ್ ಮಾಡ್ಯೂಲ್ ಇದೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ ಸೇರಿಸೋ ಕೋಡಿನ ತುಣುಕು. ಅದರ ಜೊತೆ ಮಾತಾಡೋಕೆ ನಾನೇ ಬರೆದ ಚಿಕ್ಕ ಟೂಲ್. ನೆಟ್‌ವರ್ಕ್‌ನಲ್ಲಿ ಹೋಗಿಬರೋ ಡೇಟಾ ಪ್ಯಾಕೆಟ್‌ಗಳ ಲೆಕ್ಕ ಸೊನ್ನೆಗೆ ತರೋಣ ಅಂತ ಬೆಂಗಳೂರಿನ ಸರ್ವರ್ ಮೇಲೆ 'ಕ್ಲಿಯರ್' ಕೊಟ್ಟೆ. ಸ್ಕ್ರೀನ್ ಅಲ್ಲೇ ನಿಂತಿತು.

ಮೊದಲು ಮಳೆಯನ್ನು ಬೈದೆ. ಆಮೇಲೆ ಕೋಡ್ ತೆರೆದರೆ, 'ಕ್ಲಿಯರ್' ಅಳಿಸುವುದು ಲೆಕ್ಕವನ್ನಲ್ಲ, ಟನಲ್‌ಗಳನ್ನು, ಅಂದರೆ ನೆಟ್‌ವರ್ಕ್ ಒಳಗೆ ನಾವೇ ಕೊರೆದ ದಾರಿಗಳನ್ನು. ನಾನು ಸರ್ವರ್ ಒಳಗೆ ಹೋಗಿದ್ದೂ ಅಂಥದ್ದೇ ಒಂದು ಟನಲ್‌ನಲ್ಲಿ. ಆ ಹೆಸರು ಇಟ್ಟವನೂ ನಾನೇ, ಆರು ತಿಂಗಳ ಹಿಂದೆ.

ಮೊಬೈಲ್ ಸಿಗ್ನಲ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿ ಮಾತ್ರ. ಕೊಡೆ ಹಿಡಿದು ನಿಂತು ಆಫೀಸಿನ ಗೆಳೆಯನಿಗೆ ಒಂದೊಂದೇ ಕಮ್ಯಾಂಡ್ ಹೇಳಿದೆ. ಟನಲ್ ಎದ್ದ ಮೇಲೂ ಸ್ಪೀಡ್ ಇಲ್ಲ. ಪ್ಯಾಕೆಟ್ ಕೆಲಸವನ್ನು ನೆಟ್‌ವರ್ಕ್ ಕಾರ್ಡಿಗೇ ವಹಿಸೋ 'ಆಫ್‌ಲೋಡ್' ಮೇಲೆ ಅನುಮಾನ. "ಆಫ್‌ಲೋಡ್ ಆನ್ ಇದೆಯಾ ನೋಡು, ಈಥ್‌ಟೂಲ್ ಮೈನಸ್ ಕೆ."

"ಯಾವ ಕೆ? ಸಣ್ಣದಾ, ದೊಡ್ಡದಾ?"

ಈಥ್‌ಟೂಲ್ ಅನ್ನೋ ಆ ಕಮ್ಯಾಂಡ್‌ನಲ್ಲಿ ಸಣ್ಣ ಕೆ ಈ ಸೆಟ್ಟಿಂಗ್ ತೋರಿಸುತ್ತೆ, ದೊಡ್ಡ ಕೆ ಬದಲಾಯಿಸುತ್ತೆ. ಮಳೆಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತೆ!

ಮಾವನಿಗೆ ಹೇಳಿದೆ. ಅವರು ನಗಲಿಲ್ಲ. "ಹೋದ ವರ್ಷ ಒಂದು ಸಿಲ್ವರ್ ಓಕ್ ಮರ ತೋರಿಸಿ ಆಳುಗಳಿಗೆ 'ಆ ಸಿಲ್ವರ್ ತೆಗೀರಿ' ಅಂದಿದ್ದೆ ಮಾರಾಯ. ಕೊಂಬೆ ಸವರಿ ಕಪಾತು ಮಾಡ್ಲಿ ಅಂತ ನನ್ನ ಮನಸ್ಸಲ್ಲಿ. ಅವರು ಬುಡಕ್ಕೇ ಕೊಡಲಿ ಹಾಕಿದ್ರು. ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯೂ ಹೋಯ್ತು."

ರಾತ್ರಿ ಹೆಸರುಗಳನ್ನೆಲ್ಲ ಬದಲಾಯಿಸೋಕೆ ಕೂತೆ. ಈ ವಿಷಯದಲ್ಲಿ, ನೆಟ್‌ವರ್ಕ್ ಸೆಟ್ಟಿಂಗ್ ನೋಡೋಕೆ, ಬದಲಾಯಿಸೋಕೆ ಇರೋ ಲಿನಕ್ಸ್‌ನ 'ಐಪಿ' ಕಮ್ಯಾಂಡ್ ನನಗಿಷ್ಟ. ಮೊದಲು ಯಾವುದು ಅನ್ನೋದು: ಲಿಂಕ್, ಅಡ್ರೆಸ್, ರೂಟ್. ಆಮೇಲೆ ಏನು ಮಾಡಬೇಕು ಅನ್ನೋದು. ಒಂದನ್ನು ತೆಗೆಯೋಕೆ 'ಡೆಲ್', ಗುಂಪಾಗಿ ತೆಗೆಯೋಕೆ 'ಫ್ಲಶ್'. ಅಲ್ಲೂ ಫ್ಲಶ್ ಕೊಟ್ಟು ಕೂತ ಕೊಂಬೆಯನ್ನೇ ಕಡಿದುಕೊಳ್ಳಬಹುದು. ಆದರೆ ಹೆಸರು ಮೋಸ ಮಾಡಲ್ಲ. ಅದರಲ್ಲಿ ನನಗೆ ಹಿಡಿಸದ್ದು ಚುಟುಕು ಬರೆಯೋ ಚಟ. 'ಐಪಿ ಆರ್' ಅಂದರೆ ರೂಟ್, ರೂಲ್ ಬೇಕಿದ್ದರೆ 'ಆರ್‌ಯು'. ಬೆರಳಿಗೆ ಸುಖ, ಓದುವವನಿಗೆ ಕಷ್ಟ ಅಲ್ವಾ?

'ಟನಲ್ ಡೆಲ್', 'ಟನಲ್ ಫ್ಲಶ್' ಬೇಗ ಆದವು. ಲೆಕ್ಕದ್ದು ಸತಾಯಿಸಿತು. 'ರೀಸೆಟ್' ಅಂದರೆ ಕಾರ್ಡೇ ರೀಸ್ಟಾರ್ಟ್ ಆಗುತ್ತೇನೋ ಅನ್ನಿಸುತ್ತೆ. ಕೊನೆಗೆ 'ಕೌಂಟರ್ ಝೀರೋ' ಅಂತ ಇಟ್ಟೆ. ಫೋನ್‌ನಲ್ಲಿ ಗೆಳೆಯನಿಗೆ ಒಂದೇ ಸಲಕ್ಕೆ ಕೇಳಿಸಿತು.

ಹಳೆಯ 'ಕ್ಲಿಯರ್' ಇನ್ನೂ ಇದೆ. ಒತ್ತಿದರೆ ಏನನ್ನೂ ಅಳಿಸದೆ, "ಏನು ಕ್ಲಿಯರ್ ಮಾಡ್ಬೇಕು?" ಅಂತ ಕೇಳಿ ಹೊಸ ಹೆಸರುಗಳನ್ನು ತೋರಿಸುತ್ತೆ. ಅದನ್ನು ಮೊದಲು ಒತ್ತಿ ಬೈಸಿಕೊಂಡವನೂ ನಾನೇ.