ಗದಗ–ಹಾವೇರಿ ಕಡೆ ಕ್ಯಾರವಾನ್ ಒಯ್ಯುವವರು ಟಾಯ್ಲೆಟ್ ಟ್ಯಾಂಕಿನ ಕೆಳಗಿನ ವಾಲ್ವ್ ಒಮ್ಮೆ ಜಗ್ಗಿ ನೋಡಿ

ದೀಪಾವಳಿ ಮುಗಿದ ವಾರ ಧಾರವಾಡದಿಂದ ನಾಲ್ಕು ದಿನದ ಸುತ್ತು ಹಾಕಿದೆವು. ಅಣ್ಣಿಗೇರಿ, ಗದಗ, ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ, ಬಂಕಾಪುರ, ಹಾವೇರಿ, ವಾಪಸ್. ಗಾಡಿ ನಮ್ಮ ಭಾವನದು. ಹಳೆಯ ಟೆಂಪೊ ಟ್ರಾವೆಲರ್ ಒಳಗೆ ಹಾಸಿಗೆ, ಅಡುಗೆಕಟ್ಟೆ, ಹಿಂದೆ ಟಾಯ್ಲೆಟ್ ಎಲ್ಲ ಕೂಡಿಸಿ ಮಾಡಿಸಿದ ಕ್ಯಾರವಾನ್. ಹೋದವರು ನಾನು, ಹೆಂಡತಿ, ಮಗಳು, ಅತ್ತೆ. ಇದೇ ದಾರಿ ಹಿಡಿಯುವ ಯೋಚನೆ ಇರುವ ಇಬ್ಬರು ಮೂವರು ಎಲ್ಲಿ ಗಾಡಿ ನಿಲ್ಲಿಸಿದಿರಿ, ಎಲ್ಲಿ ಊಟ ಅಂತ ಕೇಳಿದರು. ಟಾಯ್ಲೆಟ್ ಟ್ಯಾಂಕ್ ಎಲ್ಲಿ ಖಾಲಿ ಮಾಡಿದಿರಿ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಹೊರಡುವ ಮೊದಲು ಕೇಳಿರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿಲೋಮೀಟರ್, ರಸ್ತೆ ಚೆನ್ನಾಗಿದೆ. ನಡುವೆ ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿ ನೋಡಿ. ಗದಗಿನಿಂದ ಲಕ್ಕುಂಡಿ 12 ಕಿಲೋಮೀಟರ್. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ, ಮುಸುಕಿನ ಬಾವಿ, ಇಷ್ಟಕ್ಕೇ ಅರ್ಧ ದಿನ ಬೇಕು. ಊರೊಳಗಿನ ಓಣಿಗಳು ಇಕ್ಕಟ್ಟು, ದೊಡ್ಡ ಗಾಡಿ ಹೊರಗೇ ಬಿಟ್ಟು ನಡೆದು ಹೋಗಿ. ಡಂಬಳದ ದೊಡ್ಡಬಸಪ್ಪನ ಗುಡಿ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಸುತ್ತಿಕೊಂಡು ನಿಂತಿದೆ, ಬಿಡಬೇಡಿ.

ತಪ್ಪು ಮಾಡಿದ್ದು ಡಂಬಳದ ಹತ್ತಿರ. ಊಟಕ್ಕೆ ನೆರಳು ಹುಡುಕಿ ಗಾಡಿಯನ್ನು ಹೊಲದ ಬದುವಿನ ಗಾಡಿದಾರಿಗೆ ಇಳಿಸಿದೆ. ಹಿಂದಿನ ದಿನ ಮಳೆ ಆಗಿತ್ತು. ಎರೆ ಮಣ್ಣು ಗೊತ್ತಲ್ಲ, ಹಸಿ ಇದ್ದಾಗ ಚಕ್ರ ಬಿಡೋದಿಲ್ಲ, ಒಣಗಿದರೆ ಕಲ್ಲು. ಹಿಂದಿನ ಚಕ್ರ ಆ ಕೆಸರನ್ನೆಲ್ಲ ಎರಚಿದ್ದು ಎಲ್ಲಿಗೆ ಅಂತ ನನಗೆ ಗೊತ್ತಾಗಿದ್ದು ಮರುದಿನ.

ಟಾಯ್ಲೆಟ್ ಟ್ಯಾಂಕ್ 60 ಲೀಟರ್. ವಾರ ಬರುತ್ತೆ ಅಂದಿದ್ದರು ಭಾವ. ಅದು ಕಾಗದ ಬಳಸುವವರ ಲೆಕ್ಕ. ನಾವು ನೀರು ಬಳಸುವ ಜನ, ನಾಲ್ವರಿಗೆ ಎರಡೇ ದಿನಕ್ಕೆ ತುಂಬಿತು. ಮೂರನೇ ದಿನ ಬೆಳಿಗ್ಗೆ ಮತ್ತೆ ಗದಗಿಗೆ ಬಂದು ಒಂದು ಲಾಡ್ಜ್‌ನವರನ್ನು ಕೇಳಿದೆ. ಹಿತ್ತಲಿನ ಸೆಪ್ಟಿಕ್ ಟ್ಯಾಂಕ್ ಚೇಂಬರ್‌ಗೆ ಬಿಟ್ಟುಕೊಳ್ಳಲು ಒಪ್ಪಿದರು, ಸ್ವಲ್ಪ ದುಡ್ಡೂ ಕೊಟ್ಟೆ. ಪೈಪ್ ಜೋಡಿಸಿ ಗಾಡಿ ಕೆಳಗೆ ತೂರಿ ಹಿಡಿಕೆ ಜಗ್ಗಿದೆ. ಅಲುಗಲಿಲ್ಲ. ಕಾಲು ಚಕ್ರಕ್ಕೆ ಒತ್ತಿ ಎರಡೂ ಕೈಯಿಂದ ಜಗ್ಗಿದೆ. ವಾಲ್ವ್ ಹಾಗೇ ಇತ್ತು, ಸರಳು ಮಾತ್ರ ಸ್ವಲ್ಪ ಬಾಗಿತು.

ಈ ವಾಲ್ವ್ ಅಂದರೆ ದೊಡ್ಡ ಯಂತ್ರ ಏನಲ್ಲ. 3 ಇಂಚಿನ ಪೈಪಿಗೆ ಅಡ್ಡಲಾಗಿ ಒಂದು ತೆಳು ತಟ್ಟೆ, ಅದರ ಆಚೆ ಈಚೆ ಒಂದೊಂದು ರಬ್ಬರ್ ಸೀಲ್. ತಟ್ಟೆಗೆ ಒಂದು ಸರಳು, ಸರಳಿನ ತುದಿಗೆ ಹಿಡಿಕೆ. ಜಗ್ಗಿದರೆ ತೆರೆಯುತ್ತೆ, ಒತ್ತಿದರೆ ಮುಚ್ಚುತ್ತೆ. ಸೀಲ್ ಒಣಗಿದರೆ, ನಡುವೆ ಕಸ ಕೂತರೆ, ಗಡಸು ನೀರಿನ ಬಿಳಿ ಪದರ ಕಟ್ಟಿದರೆ ಬಿಗಿಯುತ್ತೆ. ಈ ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ನಿಮ್ಮ ಮನೆ ಬಕೆಟ್ ನೋಡಿದರೇ ಗೊತ್ತಾಗುತ್ತೆ. ನಮ್ಮದಕ್ಕೆ ಇದರ ಮೇಲೆ ಎರೆ ಮಣ್ಣು. ಸರಳು ಒಳಹೋಗುವ ತೂತಿನ ಸುತ್ತ ಸಿಮೆಂಟ್ ಮೆತ್ತಿದ ಹಾಗೆ ಕೂತಿತ್ತು.

ಲಾಡ್ಜ್ ಹುಡುಗ ಹತ್ತಿರದ ಗ್ಯಾರೇಜಿನಿಂದ ವಯಸ್ಸಾದ ಮಿಸ್ತ್ರಿ ಒಬ್ಬರನ್ನು ಕರೆತಂದ. ಅವರು ಬಾಗಿದ ಸರಳು ನೋಡಿ ನಕ್ಕರು. “ಜಗ್ಗಬ್ಯಾಡ್ರಿ ಸರ, ಅದೇನ್ ಎತ್ತಿನ ಹಗ್ಗ ಅಲ್ಲ. ನೆನೀಲಿ ಬಿಡ್ರಿ.” ಅಷ್ಟರಲ್ಲಿ ಹುಡುಗ, ಒಬ್ಬರಿದ್ದಾರೆ, ಕರೆಯಲಾ, ಕೈ ಹಾಕಿ ತೆಗೀತಾರೆ ಅಂದ. ಬೇಡ ಅಂದೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಹಾಗೆ ಮಾಡಿಸೋದು ಅಪರಾಧ. ಕಾಯ್ದೆ ಬಿಡಿ, ನಮ್ಮ ಮನೆಯ ನಾಲ್ವರದ್ದು ಅದು, ಅದಕ್ಕೆ ಇನ್ನೊಬ್ಬರು ಯಾಕೆ ಕೈ ಹಾಕಬೇಕು? ವಾಲ್ವ್ ತೆರೆಯದೇ ಹೋದರೆ ಸೆಪ್ಟಿಕ್ ಟ್ಯಾಂಕ್ ಎಳೆಯುವ ಸಕ್ಕಿಂಗ್ ಗಾಡಿ ಕರೆಸಿ ಮೇಲಿಂದಲೇ ಎಳೆಸೋಣ ಅಂತ ಮಾಡಿಕೊಂಡೆ.

ಹಳೆ ಬ್ರಷ್, ಒಂದು ತಂಬಿಗೆ ಬೆಚ್ಚನೆ ನೀರು ತಗೊಂಡು ಮೊದಲು ಮಣ್ಣು ತೊಳೆದೆ. ಕುದಿಯೋ ನೀರು ಹಾಕಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಮಿಸ್ತ್ರಿ ಸರಳಿಗೆ ಸಿಲಿಕಾನ್ ಸ್ಪ್ರೇ ಹೊಡೆದು, ಚಹಾ ಕುಡಿದು ಬರೋಣ ಅಂದರು. ನಾನು ಬೇರಿಂಗ್ ಗ್ರೀಸ್ ಹಚ್ಚೋಣವಾ ಅಂದಿದ್ದಕ್ಕೆ ಬೈದರು. ಆ ಗ್ರೀಸ್, ಎಂಜಿನ್ ಆಯಿಲ್ ಎಲ್ಲ ಕೆಲವು ರಬ್ಬರನ್ನು ಉಬ್ಬಿಸಿ ಇನ್ನೂ ಬಿಗಿ ಮಾಡುತ್ತವಂತೆ. ಮುಕ್ಕಾಲು ಗಂಟೆ ಬಿಟ್ಟು ಬಂದು, ಸುತ್ತಿಗೆಯ ಕಟ್ಟಿಗೆ ಹಿಡಿಯಿಂದ ವಾಲ್ವಿನ ಮೈಗೆ ಟಕ್ ಟಕ್ ಅಂತ ಮೆಲ್ಲಗೆ ಬಡಿದು, ಹಿಡಿಕೆಯನ್ನು ಮೊದಲು ಒಳಕ್ಕೆ ಒತ್ತಿ, ಆಮೇಲೆ ಒಂದು ನೂಲಿನಷ್ಟು ಹೊರಕ್ಕೆ, ಮತ್ತೆ ಒಳಕ್ಕೆ, ಹೀಗೆ ಹತ್ತು ಹದಿನೈದು ಸಲ ಮಾಡಿದರು. ಒಂದು ಸಲ ‘ಕಿರ್’ ಅಂತು. ಆಮೇಲೆ ಬಂತು ನೋಡಿ. ಆ ಶಬ್ದ ಕೇಳಿ ಇಷ್ಟು ಖುಷಿಪಡುವ ದಿನ ಬರುತ್ತೆ ಅಂತ ಅಂದುಕೊಂಡಿರಲಿಲ್ಲ.

ಖಾಲಿಯಾದ ಮೇಲೆ ಮೂರು ನಾಲ್ಕು ಬಕೆಟ್ ನೀರು ಬಿಟ್ಟು ತೊಳೆದೆ. ಕೊನೆಗೆ ಅಡುಗೆ, ಸ್ನಾನದ ಕೊಳೆನೀರಿನ ಟ್ಯಾಂಕ್ ಖಾಲಿ ಮಾಡಿದೆ. ಯಾವಾಗಲೂ ಇದೇ ಕ್ರಮ, ಪೈಪ್ ತಾನೇ ತೊಳೆದುಕೊಳ್ಳುತ್ತೆ. ಆ್ಯಸಿಡ್, ಫಿನೈಲ್ ಸುರಿಯಬೇಡಿ. ಇನ್ನೊಬ್ಬರ ಸೆಪ್ಟಿಕ್ ಟ್ಯಾಂಕ್ ಅದು, ಒಳಗಿನ ಬ್ಯಾಕ್ಟೀರಿಯಾ ಸತ್ತರೆ ಮುಂದಿನ ಸಲ ಅವರು ಗೇಟ್ ತೆಗೆಯೋದಿಲ್ಲ. ಗಟಾರ, ಹಳ್ಳ, ಕೆರೆ ಕಡೆ ಅಂತೂ ನೋಡಲೂ ಬೇಡಿ.

ಮನೆಗೆ ಬಂದ ಮೇಲೆ ವಾಲ್ವ್ ಬಿಚ್ಚಿದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆದೇ ಬಿಚ್ಚಬೇಕು, ಇದರಲ್ಲಿ ಅವಸರ ಬೇಡ. 10 ನಂಬರ್ ಪಾನಾ ಸಾಕಾಯಿತು, ನಾಲ್ಕು ಬೋಲ್ಟ್. ತಟ್ಟೆಯ ತುದಿಯಲ್ಲಿ ಉಗುರಿನಷ್ಟು ದಪ್ಪ ಬಿಳಿ ಪದರ ಇತ್ತು. ವಿನೆಗರ್‌ನಲ್ಲಿ ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಬೆರಳಿಗೇ ಬಂತು. ಸೀಲ್ ಯಾವ ಕಡೆ ಮುಖ ಮಾಡಿ ಕೂತಿದೆ ಅಂತ ತೆಗೆಯುವ ಮೊದಲೇ ಫೋಟೊ ಹೊಡೆದುಕೊಳ್ಳಿ. ನಾನು ಹೊಡೆಯಲಿಲ್ಲ, ಒಂದನ್ನು ತಿರುವಿ ಹಾಕಿ ಸೋರಿ ಮತ್ತೆ ಬಿಚ್ಚಿದೆ. ಸೀಲಿಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ, ಬೋಲ್ಟ್‌ಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಜಾಸ್ತಿ ಬಿಗಿದರೆ ತಟ್ಟೆ ಮತ್ತೆ ಹಿಡಿದುಕೊಳ್ಳುತ್ತೆ. ಎರಡು ಬಕೆಟ್ ಶುದ್ಧ ನೀರು ಹಾಕಿ ಸೋರುತ್ತಾ ನೋಡಿ, ಆಮೇಲೆ ಗಾಡಿ ತೆಗೆಯಿರಿ.

ಇನ್ನೊಂದು. ದಿನಾ ಸ್ವಲ್ಪ ಸ್ವಲ್ಪ ಬಿಡುವ ಆಸೆ ಬೇಡ. ನೀರು ಹೋಗಿ ಗಟ್ಟಿ ಉಳಿದು ಅದೇ ವಾಲ್ವಿನ ಬಾಯಿಗೆ ಕೂರುತ್ತೆ. ಮುಕ್ಕಾಲು ತುಂಬಲಿ, ಆಮೇಲೆ ಒಮ್ಮೆಲೇ ಬಿಡಿ. ಪೈಪ್ ಜೋಡಿಸುವ ಬಾಯಿಗೆ ಹಾಕಿದ ಹೊರಗಿನ ಮುಚ್ಚಳ ತೆಗೆಯುವಾಗ ಕೆಳಗೆ ಬಕೆಟ್ ಇಡಿ. ವಾಲ್ವ್ ಸ್ವಲ್ಪ ಸೋರುತ್ತಿದ್ದರೂ ಮುಚ್ಚಳದ ಹಿಂದೆ ಅರ್ಧ ಚೊಂಬು ಕಾದು ಕೂತಿರುತ್ತೆ. ನನ್ನ ಚಪ್ಪಲಿ ಗದಗಿನಲ್ಲೇ ಉಳಿಯಿತು.

ಸರಳಿಗೆ ಕೆಸರು ಬಡಿಯದ ಹಾಗೆ ಮಿಸ್ತ್ರಿ ಅವತ್ತೇ ಹಳೆ ಸೈಕಲ್ ಟ್ಯೂಬ್ ಗೇಣುದ್ದ ಕತ್ತರಿಸಿ, ತೋಳಿನ ಹಾಗೆ ತೊಡಿಸಿ ತಂತಿ ಕಟ್ಟಿಕೊಟ್ಟರು. ಬಂಕಾಪುರದ ನವಿಲುಧಾಮಕ್ಕೆ ಮತ್ತೆ ಕೆಸರು ಹಾದಿಯಲ್ಲೇ ಹೋದೆವು, ಏನೂ ಆಗಲಿಲ್ಲ. ನವಿಲು ನೋಡಬೇಕಾದರೆ ಬೆಳಗಾಗುವ ಹೊತ್ತಿಗೆ ಅಲ್ಲಿರಿ. ಹಾವೇರಿಯಲ್ಲಿ ಸಿದ್ಧೇಶ್ವರ ಗುಡಿ, ಪಶ್ಚಿಮಕ್ಕೆ ಮುಖ ಇರೋದರಿಂದ ಸಂಜೆ ಬಿಸಿಲಲ್ಲಿ ಚೆಂದ. ಆಮೇಲೆ ಬ್ಯಾಡಗಿ.

ಬ್ಯಾಡಗಿಯಲ್ಲಿ ಅತ್ತೆ ಎರಡು ಕಿಲೋ ಮೆಣಸಿನಕಾಯಿ ಕೊಂಡು, ಗಾಡಿ ಹಿಂದೆ ತೂಗುಹಾಕಿದ್ದ ಬಕೆಟ್ ತೊಳೆದಿದೆ ಅಂತ ಅದರಲ್ಲೇ ಸುರಿಯಲು ಹೊರಟಿದ್ದರು. ಓಡಿ ಹೋಗಿ ಕಸಿದುಕೊಂಡೆ. ಈಗ ಆ ಬಕೆಟ್‌ಗೂ ರಬ್ಬರ್ ಗ್ಲೌಸ್‌ಗೂ ಕೆಂಪು ಬಣ್ಣದ ಪಟ್ಟಿ ಬಳಿದಿಟ್ಟಿದ್ದೇನೆ, ನೀವೂ ಹೊರಡುವ ಮೊದಲೇ ಬಳಿಯಿರಿ.